ಜೊತೆಗೆ ಬಂದವರು

ಬೀದರ ಕಡೆ ಯಾರಿಗಾದರೂ ಮೈಗೆ ಆರಾಮಿಲ್ಲ ಅಂದರೆ ಮಂದಿ ರೋಗದ ಹೆಸರು ಕೇಳುವುದಿಲ್ಲ, ‘ಎಲ್ಲಿಗಿ ಒಯ್ದಾರ?’ ಅಂತ ಕೇಳುತ್ತಾರೆ. ಊರ ದವಾಖಾನೆ ಅಂದರೆ ಚಿಂತೆಯಿಲ್ಲ. ‘ಹೈದ್ರಾಬಾದಕ್ಕ ಒಯ್ದಾರ್ರೀ’ ಅಂದರೆ ಕೇಳಿದವರು ಅಲ್ಲೇ ಕಟ್ಟೆಯ ಮೇಲೆ ಕೂತುಬಿಡುತ್ತಾರೆ.

1956ರಲ್ಲಿ ಬೀದರ, ಕಲಬುರಗಿ, ರಾಯಚೂರು ಕನ್ನಡ ರಾಜ್ಯಕ್ಕೆ ಸೇರಿದವು. ಕಚೇರಿಯ ಕಡತಗಳು ಬೆಂಗಳೂರಿನ ಹಾದಿ ಹಿಡಿದವು. ಕಾಯಿಲೆಗಳು ಮಾತ್ರ ನಿಜಾಮರ ರಾಜಧಾನಿಯನ್ನು ಬಿಡಲಿಲ್ಲ. ಬೀದರಿನಿಂದ ಹೈದರಾಬಾದು 150 ಕಿಲೋಮೀಟರಿನೊಳಗೆ, ಬೆಂಗಳೂರು 700ರ ಆಸುಪಾಸು. ನೋವಿಗೆ ಭೂಗೋಳ ಚೆನ್ನಾಗಿ ಗೊತ್ತು. ಈಗ ಬೀದರಿನಲ್ಲೇ ಮೆಡಿಕಲ್ ಕಾಲೇಜಿದೆ, ಕಲಬುರಗಿಗೆ ಜಯದೇವ ಹೃದ್ರೋಗ ಆಸ್ಪತ್ರೆ ಬಂದಿದೆ. ಆದರೂ ಹೈದರಾಬಾದಿನ ಇಮ್ಲಿಬನ್ ಬಸ್ ನಿಲ್ದಾಣದಲ್ಲಿ ಎಕ್ಸ್‌ರೇ ಲಕೋಟೆ ಬಗಲಲ್ಲಿ ಹಿಡಿದು ಇಳಿಯುವ ನಮ್ಮವರು ಕಡಿಮೆಯಾಗಿಲ್ಲ.

ಒಬ್ಬ ರೋಗಿಗೆ ಕನಿಷ್ಠ ಮೂವರು. ರೊಕ್ಕ ಕಾಯುವವನೊಬ್ಬ, ಡಾಕ್ಟರ ಎದುರು ಉರ್ದುವಿನಲ್ಲಿ ಮಾತಾಡುವವನೊಬ್ಬ, ಅಳಲಿಕ್ಕೆಂದೇ ಬಂದ ಅತ್ತೆಯೊಬ್ಬಳು. ಇವರೆಲ್ಲ ಹೈದರಾಬಾದಿನಲ್ಲೇ ಮನೆ ಮಾಡಿಕೊಂಡಿರುವ ನನ್ನಂಥವರ ಹಾಲ್‌ನಲ್ಲಿ ಮಲಗುತ್ತಾರೆ. ಅಮೆರಿಕದ ಸಮಾಜಶಾಸ್ತ್ರಜ್ಞ ಟಾಲ್ಕಟ್ ಪಾರ್ಸನ್ಸ್ 1951ರಲ್ಲೇ ರೋಗಿಯಾಗಿರುವುದೂ ಒಂದು ಸಾಮಾಜಿಕ ಪಾತ್ರ ಅಂದ. ರೋಗಿಗೆ ಕೆಲಸದಿಂದ ಬಿಡುವು ಉಂಟು. ಆದರೆ ಗುಣವಾಗಬೇಕೆಂಬ ಆಸೆ ಇರಬೇಕು, ವೈದ್ಯರ ಬಳಿ ಹೋಗಬೇಕು. ಒಳ್ಳೆಯ ಲೆಕ್ಕ. ನಮ್ಮ ಕಾಕಾ ಮಾತ್ರ ಎರಡನೇ ದಿನಕ್ಕೇ ‘ಸಾಕು ನಡೀರಿ, ಮನಿಗಿ ಹೋಗಾರಿ’ ಅನ್ನುತ್ತಾರೆ. ಗುಣವಾಗುವ ಆಸೆಯನ್ನು ಅವರ ಪರವಾಗಿ ಹೊತ್ತವನು ಸೋದರಳಿಯ. ಡಾಕ್ಟರು ಹೇಳಿದ್ದರಲ್ಲಿ ಎಷ್ಟನ್ನು ಕಾಕಾಗೆ ದಾಟಿಸಬೇಕೆಂದು ಕಾರಿಡಾರಿನಲ್ಲೇ ತೀರ್ಮಾನಿಸುವವನೂ ಅವನೇ. ‘ಡಾಕ್ಟರ್ ಏನಂದ್ರೋ?’ ‘ಏನಿಲ್ಲ ಮಾಮಾ, ಬರೇ ಗ್ಯಾಸ್.’

ನಮ್ಮವರು ಬರುವ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಒಂದು ಹಳೇ ಹುಣಸೆ ಮರವಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿದಾಗ ಅದನ್ನು ಹತ್ತಿ 150 ಜನ ಉಳಿದರೆನ್ನುತ್ತಾರೆ. ನಿಜಾಮರು ಆಮೇಲೆ ಕಟ್ಟಿಸಿದ ಗುಮ್ಮಟಗಳ ಭವ್ಯ ಕಟ್ಟಡಕ್ಕೆ 2020ರಲ್ಲಿ ಮಳೆನೀರು ನುಗ್ಗಿ ಅದನ್ನು ಖಾಲಿ ಮಾಡಿಸಿದರು. ಮರ ಇನ್ನೂ ಡ್ಯೂಟಿಯಲ್ಲಿದೆ.

ಜೂನಿನಲ್ಲಿ, ಮೃಗಶಿರಾ ಹುಟ್ಟುವ ದಿನ, ನಾಂಪಲ್ಲಿ ಮೈದಾನಕ್ಕೆ ಬತ್ತಿನಿ ಮನೆತನದವರ ಮೀನಿನ ಮದ್ದಿಗೆ ಇನ್ನೊಂದು ಜಾತ್ರೆ. ಹಳದಿ ಮದ್ದು ತುರುಕಿದ ಜೀವಂತ ಮರಿಮೀನನ್ನು ಉಬ್ಬಸದವರು ನುಂಗಬೇಕು. ಉಬ್ಬಸ ಅದರಿಂದ ಹೋಗುತ್ತದೆನ್ನಲು ವೈದ್ಯವಿಜ್ಞಾನದಲ್ಲಿ ಪುರಾವೆಯಿಲ್ಲ. ವಿಚಾರವಾದಿಗಳು ಕೋರ್ಟಿಗೂ ಹೋದರು. ನಾನು ನೋಡುವುದು ಸಾಲಿನಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದವನನ್ನು. ಒಳಗೆ ಸ್ವಲ್ಪ ನೀರು, ಬೆರಳುದ್ದದ ಮೀನು. ನುಂಗಬೇಕಾದ ಹೆಂಡತಿ ಹಿಂದೆ ಸೆರಗಿನಿಂದ ಬಾಯಿ ಮುಚ್ಚಿ ನಿಂತಿದ್ದಾಳೆ. ತಮ್ಮ ಸರದಿ ಬರುವ ತನಕ ಮೀನು ಸಾಯದಂತೆ ನೋಡಿಕೊಳ್ಳುವುದೇ ಅವನ ಕೆಲಸ.

ಇಂಥ ಸೋದರಳಿಯಂದಿರು, ಗಂಡಂದಿರು ವಾಪಸು ಹೋದ ಮೇಲೆ ಊರಿಗೇ ತಜ್ಞರಾಗುತ್ತಾರೆ. ಯಾವ ಕೌಂಟರಿಗೆ ಎಷ್ಟು ಗಂಟೆಗೆ ನಿಲ್ಲಬೇಕು, ಯಾವ ಸ್ಕ್ಯಾನಿಗೆ ಉಪವಾಸವಿರಬೇಕು, ಎಲ್ಲಾ ಬಾಯಿಪಾಠ. ಪಕ್ಕದ ಓಣಿಯಲ್ಲಿ ಯಾರಿಗೋ ಎದೆನೋವು ಬಂದರೆ ಮೊದಲು ಇಂಥವನೊಬ್ಬನಿಗೆ ಫೋನು. ಅವನು ರಿಪೋರ್ಟನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ, ‘ನಿಮ್ಸ್ ಆಸ್ಪತ್ರೆಗೇ ಹೋಗೂನು, ನಾನೂ ಬರ್ತೀನಿ’ ಅನ್ನುತ್ತಾನೆ. ಆಮೇಲೆ ನನಗೆ ಫೋನು.