ಕೊನೆಯ ಗಳಿಗೆಯ ಮರೆ

ನಮ್ಮ ತಡಸಕ್ಕೆ ಹುಬ್ಬಳ್ಳಿಯು ಸಮೀಪ. ಆದುದರಿಂದ ಯಾರಿಗೆ ಉಬ್ಬಸ ಹೆಚ್ಚಿದರೂ ವಾಹನವು ಅತ್ತಲೇ ಓಡುವುದು. ಬದುಕುವ ಆಶೆಯಿರುವಲ್ಲಿ ಇದು ಯುಕ್ತವೇ. ಆಶೆಯಿಲ್ಲದವರನ್ನೂ ಒಯ್ಯುತ್ತೇವಲ್ಲ, ಆ ಮಾತು ಬೇರೆ.

ನನ್ನ ಸೋದರಮಾವನವರಿಗೆ ಅರ್ಬುದರೋಗ. ಗುಣವಾಗದೆಂದು ವೈದ್ಯರು ಮೊದಲೇ ಹೇಳಿದ್ದರು. ಆದರೂ ಅವರು ತೀರಿಕೊಂಡದ್ದು ಒಂದು ದವಾಖಾನೆಯ ತುರ್ತುಕೋಣೆಯಲ್ಲಿ. ಮಂಚಕ್ಕೆ ಮರೆಯಿರಲಿಲ್ಲ. ಜನ್ಮವಿಡೀ ಶಲ್ಯವಿಲ್ಲದೆ ಹೊರಗೆ ಬಾರದವರ ಬರಿಮೈಯನ್ನು ಹೋಗಿಬರುವವರೆಲ್ಲ ನೋಡಿದರು. ಅತ್ತೆಯವರು ತುಳಸಿಯ ನೀರು ಹಿಡಿದು ಬಾಗಿಲಾಚೆಯೇ ನಿಂತರು. ವೈದ್ಯರನ್ನು ದೂಷಿಸಲಾರೆ, ಪಾಪ, ಒಬ್ಬರಿಗೆ ಹತ್ತು ಮಂಚಗಳು. ಆದರೆ ಒಂದು ಪರದೆ ಕಟ್ಟಲು ವೈದ್ಯಶಾಸ್ತ್ರವೇಕೆ ಬೇಕು?

ಗೌರವದಿಂದ ಸಾಯುವುದೂ ಜೀವಿಸುವ ಹಕ್ಕಿನಲ್ಲಿಯೇ ಅಡಕವೆಂದು ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚ್ 9ರಂದು ತೀರ್ಪಿತ್ತಿತು. ಗುಣವಾಗದ ರೋಗದಲ್ಲಿ ಯಾವ ಯಂತ್ರ ಬೇಡ, ಪ್ರಜ್ಞೆ ತಪ್ಪಿದಾಗ ನಮ್ಮ ಪರವಾಗಿ ಯಾರು ಮಾತಾಡಬೇಕು ಎಂಬುದನ್ನು ಮೊದಲೇ ಬರೆದಿಡಬಹುದು. 2023ರಿಂದ ಇಬ್ಬರು ಸಾಕ್ಷಿಗಳೂ ನೋಟರಿಯ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣವೂ ಇದಕ್ಕೆ ಸಾಕು. 2025ರ ಜನವರಿಯಲ್ಲಿ ಕರ್ನಾಟಕ ಸರಕಾರವೂ ಇದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ಆದರೆ ಯಂತ್ರವನ್ನು ನಿಲ್ಲಿಸಲು ಎರಡು ವೈದ್ಯಮಂಡಲಿಗಳು ಒಪ್ಪಬೇಕು. ತುರ್ತುಕೋಣೆಯಲ್ಲಿ ಅಷ್ಟು ಸಮಯವೆಲ್ಲಿ? ಒಯ್ಯಬೇಕೋ ಬೇಡವೋ ಎಂಬುದು ಮನೆಯಲ್ಲಿಯೇ ಮುಂಚಿತವಾಗಿ ನಿಶ್ಚಯವಾಗಬೇಕಾದ ಮಾತು.

ನಾನು ಬರೆದಿದ್ದೇನೆ. ಮಗನು ಓದಿ, "ಅಪ್ಪಾ, ಇದೇನು ಅಪಶಕುನ!" ಎಂದು ಎದ್ದುಹೋದನು. ಮಗಳು ಎರಡು ಸಲ ಓದಿ, "ನನ್ನ ಹೆಸರು ಹಾಕಿರಿ" ಎಂದಳು. ಹಾಕಿದ್ದೇನೆ.