ಕೋನನ್ ಕೈಯ ಲೇಖನಿ

ಅಕ್ಕನ ಮಗ ಜಿಮ್ಮಿಗೆ ಸೇರಿ ಆರು ತಿಂಗಳಾಯಿತು. ಎದೆ ಅಗಲವಾಯಿತೋ ಇಲ್ಲವೋ, ಅಂಗಿಗಳಂತೂ ಬಿಗಿಯಾಗಿವೆ. ಮೊನ್ನೆ ಅವನ ಮೊಬೈಲಿನ ಪರದೆಯ ಮೇಲೆ ಒಬ್ಬ ಮಹಾಕಾಯ ನಿಂತಿದ್ದ. ಹೆಣಗಳ ಗುಡ್ಡೆಯ ಮೇಲೆ ಕಾಲು, ನೆಲಕ್ಕೂರಿದ ಕತ್ತಿ, ಪಾದದ ಬಳಿ ಕಾಲು ತಬ್ಬಿ ಬಿದ್ದ ಹೆಣ್ಣು. "ಕೋನನ್, ಮಾಮ. ಗೊತ್ತಾ?" ಎಂದ, ನನಗೆ ಗೊತ್ತಿರಲಾರದು ಎಂಬ ಧೈರ್ಯದಲ್ಲಿ.

ಗೊತ್ತಿಲ್ಲದೆ ಏನು! ಆ ಚಿತ್ರ ಬರೆದವನು ಫ್ರಾಂಕ್ ಫ್ರಜೆಟ್ಟಾ. 1966ರಲ್ಲಿ ಲ್ಯಾನ್ಸರ್ ಎಂಬ ಅಮೆರಿಕದ ಪ್ರಕಾಶನದವರು ಕೋನನ್ ಕಥೆಗಳನ್ನು ಅಗ್ಗದ ಪುಸ್ತಕಗಳಾಗಿ ತಂದಾಗ ಮುಖಪುಟಕ್ಕೆ ಬರೆದದ್ದು. ಚಿತ್ರ ಅದ್ಭುತ, ತಕರಾರಿಲ್ಲ. ಆದರೆ ಮುಖಪುಟ ಒಳಪುಟಗಳನ್ನೇ ನುಂಗಿಹಾಕಿತು. 1970ರಲ್ಲಿ ಮಾರ್ವೆಲ್‌ನವರ ಕಾಮಿಕ್ಸ್ ಬಂತು, 1982ರಲ್ಲಿ ಅರ್ನಾಲ್ಡ್ ಶ್ವಾರ್ಜ್‌ನೆಗರ್‌ನ ಸಿನಿಮಾ ಬಂತು. ಅಲ್ಲಿಂದಾಚೆಗೆ ಕೋನನ್ ಎಂದರೆ ಎರಡು ತೋಳು, ಒಂದು ತುಪ್ಪಳದ ಚಡ್ಡಿ.

ಆ ಸಿನಿಮಾವನ್ನು ನಾನು ನೋಡಿದ್ದು ಬಾಡಿಗೆಗೆ ತಂದ ವಿಸಿಆರ್‌ನಲ್ಲಿ, ಬೀದಿಯ ಅರ್ಧ ಹುಡುಗರ ನಡುವೆ. ಪುಟ್ಟ ಹುಡುಗನನ್ನು ಗುಲಾಮನಾಗಿ ಎಳೆದೊಯ್ದು ದೊಡ್ಡ ಗಾಣದಂಥ ಚಕ್ರಕ್ಕೆ ಕಟ್ಟುತ್ತಾರೆ. ತಿರುಗಿಸಿ ತಿರುಗಿಸಿಯೇ ಅವನು ಅರ್ನಾಲ್ಡ್ ಆಗುತ್ತಾನೆ. ಬಹಳ ಹೊತ್ತು ಬಾಯಿಯನ್ನೇ ಬಿಡುವುದಿಲ್ಲ. ನಡುವೆ ಅವನಿಗೆ ಒಂದಿಷ್ಟು ಅಕ್ಷರ ಕಲಿಸುವುದೂ ಉಂಟು, ಆದರೆ ನಮ್ಮ ಬೀದಿಗೆ ನೆನಪುಳಿದದ್ದು ಅವನು ಒಂಟೆಗೆ ಗುದ್ದಿ ಕೆಡವಿದ್ದು ಮಾತ್ರ. ಅವೊತ್ತು ಎದ್ದ ಸಿಳ್ಳೆಗೆ ಎದುರುಮನೆಯ ಅಜ್ಜಿ ಬಾಗಿಲು ತೆರೆದು ನೋಡಿದ್ದರು.

ವರ್ಷಗಳು ಕಳೆದ ಮೇಲೆ, ಫುಟ್‌ಪಾತಿನ ಹಳೇ ಪುಸ್ತಕದ ರಾಶಿಯಲ್ಲಿ ಮುಖಪುಟವೇ ಹರಿದುಹೋಗಿದ್ದ ಒಂದು ಸಂಕಲನ ಸಿಕ್ಕಿತು. ಮುಖಪುಟ ಇಲ್ಲದ್ದೇ ಒಳ್ಳೆಯದಾಯಿತು ಎಂದು ಈಗ ಅನಿಸುತ್ತದೆ. ಅದರಲ್ಲಿದ್ದ 'ದ ಫೀನಿಕ್ಸ್ ಆನ್ ದ ಸ್ವೋರ್ಡ್' ಕೋನನ್ ಲೋಕಕ್ಕೆ ಮೊದಲು ಕಾಣಿಸಿಕೊಂಡ ಕಥೆ. 1932ರ ಡಿಸೆಂಬರ್‌ನಲ್ಲಿ 'ವಿಯರ್ಡ್ ಟೇಲ್ಸ್' ಮಾಸಿಕದಲ್ಲಿ ಬಂದದ್ದು. ಬರೆದವನು ರಾಬರ್ಟ್ ಇ. ಹೋವರ್ಡ್, ಟೆಕ್ಸಾಸಿನ ಕ್ರಾಸ್ ಪ್ಲೇನ್ಸ್ ಎಂಬ ಸಣ್ಣ ಊರಿನ ಡಾಕ್ಟರರ ಮಗ.

ಕೋನನ್ ಮೊದಲ ಸಲ ಓದುಗರ ಕಣ್ಣಿಗೆ ಬೀಳುವಾಗ ಏನು ಮಾಡುತ್ತಿರುತ್ತಾನೆ ಗೊತ್ತೆ? ಮೇಜಿನ ಮುಂದೆ ಕೂತು ಬರೆಯುತ್ತಿರುತ್ತಾನೆ! ನಡುವಯಸ್ಸಿನ ಗಂಡಸು, ಅಕ್ವಿಲೋನಿಯದ ದೊರೆ. ಬಟ್ಟೆ ಬೆಲೆಬಾಳುವಂಥದ್ದು, ಹೊಲಿಗೆ ಸರಳ. ಉಂಗುರವಿಲ್ಲ, ಸರವಿಲ್ಲ. ದರ್ಬಾರಿನಲ್ಲಿರುವ ಭೂಪಟಗಳಲ್ಲಿ ಉತ್ತರದ ನಾಡುಗಳು ಸರಿಯಾಗಿಲ್ಲವೆಂದು ತಾನೇ ತಿದ್ದುತ್ತಿದ್ದಾನೆ. ಪಕ್ಕದಲ್ಲಿರುವ ಗೆಳೆಯನಿಗೆ ತಾನು ಹುಟ್ಟಿದ ಸಿಮ್ಮೇರಿಯ ಎಲ್ಲಿದೆಯೆಂದು ತೋರಿಸುತ್ತಾನೆ. ಕತ್ತಿ ಬೀಸುವಾಗ ಬಾರದ ಆಯಾಸ ರಾಜ್ಯದ ಕಾಗದಪತ್ರ ನೋಡುವಾಗ ಬರುತ್ತದೆಂದು ಗೊಣಗುತ್ತಾನೆ. ಸರ್ಕಾರಿ ಕಚೇರಿಯಲ್ಲಿ ಕಡತ ತಿರುವಿ ಬದುಕು ಸವೆಸಿದ ನನಗೆ ಆ ಗೊಣಗಾಟ ಕೇಳಿ ಎಂಥ ಬಂಧುತ್ವ ಉಕ್ಕಿತೆಂದರೆ, ಹೇಳಬಾರದು.

ಮುಂದಿನದು ಇನ್ನೂ ಸೊಗಸು. ರಿನಾಲ್ಡೋ ಎಂಬ ಕವಿ ದೊರೆಯ ಮೇಲೆ ವಿಷಕಾರುವ ಪದ ಕಟ್ಟಿ ಊರೆಲ್ಲ ಹಾಡಿಸುತ್ತಿದ್ದಾನೆ. ನೇಣಿಗೆ ಹಾಕಿಸು ಎಂದು ಗೆಳೆಯ ಹೇಳಿದರೆ ಈ 'ಅನಾಗರಿಕ' ಒಪ್ಪುವುದಿಲ್ಲ. ದೊಡ್ಡ ಕವಿ ದೊರೆಗಿಂತ ದೊಡ್ಡವನು, ತಾನು ಸತ್ತ ಮೇಲೂ ಅವನ ಹಾಡು ಉಳಿಯುತ್ತದೆ ಎನ್ನುವುದು ಅವನ ವಾದ. ರಾತ್ರಿ ಇಪ್ಪತ್ತು ಮಂದಿ ಕೊಲ್ಲಲು ನುಗ್ಗಿದಾಗ ಅವರಲ್ಲಿ ಆ ಕವಿಯೂ ಇರುತ್ತಾನೆ. ಕೋನನ್‌ನ ಕೈ ತಡೆಯುತ್ತದೆ, ಕವಿಯ ಬಾಕು ಅವನ ಪಕ್ಕೆಗೆ ಇಳಿಯುತ್ತದೆ, ಆಮೇಲೆ ಕೊಲ್ಲದೆ ವಿಧಿಯಿಲ್ಲ. ಅರಿಕೇಸರಿ ಪಂಪನಿಗೆ ಅಗ್ರಹಾರ ಕೊಟ್ಟನೆಂದು ಹೆಮ್ಮೆಪಡುವ ನಮಗೂ, ತನ್ನನ್ನು ಬೈದ ಕವಿಯ ಮುಂದೆ ಕತ್ತಿ ಇಳಿಸಿದ ದೊರೆ ಎಲ್ಲಿ ಸಿಕ್ಕಾನು? ಈ ಪ್ರಸಂಗವನ್ನು ಸಿನಿಮಾದವರು ಮುಟ್ಟಲೇ ಇಲ್ಲ. ತೋಳು ತೋರಿಸಲು ಅಲ್ಲಿ ಅವಕಾಶ ಸಾಲದೇನೋ.

ಸಿನಿಮಾದ ಕೋನನ್ ದೊಡ್ಡ ಹೋರಾಟಕ್ಕೆ ಮುಂಚೆ ತನ್ನ ದೇವರು ಕ್ರೋಮ್‌ಗೆ ಪ್ರಾರ್ಥನೆ ಮಾಡುತ್ತಾನೆ, ಕೊನೆಗೆ ಆ ದೇವರನ್ನೇ ಬೈಯುತ್ತಾನೆ. ಕೇಳಲು ಚೆನ್ನಾಗಿದೆ. ಹೋವರ್ಡ್‌ನ ಕ್ರೋಮ್ ಮಾತ್ರ ಪ್ರಾರ್ಥನೆಗೆ ಒಗ್ಗುವ ದೇವರಲ್ಲ. ಹುಟ್ಟುವಾಗ ಎದೆಯಲ್ಲಿ ಹೋರಾಡುವ ಕಸುವಿಟ್ಟು ಕಳಿಸುತ್ತಾನೆ, ಅಲ್ಲಿಗೆ ಅವನ ಕೆಲಸ ಮುಗಿಯಿತು. ಹರಕೆಯಿಲ್ಲ, ಹಣ್ಣುಕಾಯಿಯಿಲ್ಲ. ಕರೆದರೆ ಗಮನ ಇತ್ತ ಹರಿದು ಕೇಡೇ ಹೆಚ್ಚು. ಇಂಥ ದೇವರ ಒಕ್ಕಲು ಮೊರೆಯಿಡುವುದೆಲ್ಲಿ ಬಂತು, ಮುನಿಯುವುದೆಲ್ಲಿ ಬಂತು?

ಆ ಗಾಣದ ಬಾಲ್ಯವೂ ಸಿನಿಮಾದ್ದೇ. ಹೋವರ್ಡ್‌ನ ಕೋನನ್ ಹುಟ್ಟಿದ್ದು ರಣರಂಗದಲ್ಲಿ. ಹದಿನೈದರ ಆಸುಪಾಸಿನಲ್ಲೇ ಅಕ್ವಿಲೋನಿಯದವರ ವೆನೇರಿಯಂ ಕೋಟೆಯನ್ನು ಸುಟ್ಟ ಗುಂಪಿನಲ್ಲಿದ್ದ. ಆಮೇಲೆ ಅದೇ ಅಕ್ವಿಲೋನಿಯಕ್ಕೆ ದೊರೆಯಾದ. ಯಾರೋ ಕೊಟ್ಟ ನೋವಿಗೆ ಸೇಡು ತೀರಿಸಲು ಹೊರಟವನಲ್ಲ. ಬೆಟ್ಟದಾಚೆ ಏನಿದೆ ನೋಡೋಣವೆಂದು ಹೊರಟವನು. ಹೋದಲ್ಲೆಲ್ಲ ಆ ಸೀಮೆಯ ಮಾತು ಕಲಿತ.

ಇನ್ನು ಕಾಲಬಳಿಯ ಹೆಣ್ಣು. 'ದ ಪೀಪಲ್ ಆಫ್ ದ ಬ್ಲ್ಯಾಕ್ ಸರ್ಕಲ್' ಎಂಬ 1934ರ ಕಥೆಯಲ್ಲಿ ನಮ್ಮ ವಿಂಧ್ಯ 'ವೆಂಧ್ಯ' ಆಗಿದೆ, ಹಿಮಾಲಯ 'ಹಿಮೇಲಿಯನ್', ಖೈಬರ್ 'ಝೈಬರ್'. ವೆಂಧ್ಯದ ರಾಣಿ ದೇವಿ ಯಾಸ್ಮಿನಾಳನ್ನು ಕೋನನ್ ಹೊತ್ತೊಯ್ಯುತ್ತಾನೆ, ಒಲವೂ ಹುಟ್ಟುತ್ತದೆ. ಆದರೂ ಅವಳು ಅವನ ಹಿಂದೆ ಹೋಗುವುದಿಲ್ಲ. ಸಿಂಹಾಸನಕ್ಕೆ ಮರಳುತ್ತಾಳೆ. ಇನ್ನೊಮ್ಮೆ ಸೇರಿದರೆ ಎರಡು ಸೈನ್ಯಗಳ ತಲೆಯಾಳುಗಳಾಗಿ ಎದುರುಬದುರು ನಿಲ್ಲೋಣವೆಂಬ ಧಾಟಿಯಲ್ಲಿ ಇಬ್ಬರೂ ಬೀಳ್ಕೊಳ್ಳುತ್ತಾರೆ.

ಹೋವರ್ಡ್‌ನದೇನೂ ತಪ್ಪಿಲ್ಲವೆಂದಲ್ಲ. ಮುಖಪುಟಕ್ಕೆ ಚಿತ್ರವಾಗಲೆಂದೇ ಹೆಣ್ಣುಗಳ ಬಟ್ಟೆ ಬಿಚ್ಚಿಸಿದ ಕಥೆಗಳನ್ನು ಅವನೂ ಬರೆದ. ಕಪ್ಪುಜನರ ಬಗ್ಗೆ ಅವನು ಬರೆದ ಕೆಲವು ಪುಟಗಳನ್ನು ಈಗ ಓದಲು ಕಸಿವಿಸಿಯಾಗುತ್ತದೆ. ಬಾಡಿಗೆಗೆ ಬರೆಯುವವನ ಅವಸರವೂ ಅಲ್ಲಲ್ಲಿ ಕಾಣುತ್ತದೆ. ಎಣ್ಣೆಬಾವಿಗಳ ಭರಾಟೆಯಲ್ಲಿ ಊರಿಗೆ ಊರೇ ಹಣಕ್ಕೆ ಹುಚ್ಚಾಗುವುದನ್ನು ಅವನು ಹುಡುಗನಾಗಿದ್ದಾಗಲೇ ಕಂಡಿದ್ದ. ಎಣ್ಣೆಬಾವಿಯ ಪುಂಡರು, ಕಳ್ಳಭಟ್ಟಿಯವರು, ಜೂಜುಕೋರರು, ಬಾಕ್ಸಿಂಗಿನ ಆಳುಗಳು, ಮರ್ಯಾದಸ್ಥ ಕೂಲಿಗಳು ಎಲ್ಲರನ್ನೂ ಕಲಸಿದರೆ ಕೋನನ್ ಎಂದು ತಾನೇ ಹೇಳಿಕೊಂಡಿದ್ದಾನೆ. ಸಿಮ್ಮೇರಿಯವೂ ಬೇರೆಲ್ಲಿಂದಲೋ ಬಂದದ್ದಲ್ಲ, ಫ್ರೆಡರಿಕ್ಸ್‌ಬರ್ಗಿನ ಮೇಲಿನ ಟೆಕ್ಸಾಸ್ ಬೆಟ್ಟಗಳನ್ನು ಚಳಿಗಾಲದ ಮಳೆಮಂಜಿನಲ್ಲಿ ಕಂಡ ನೆನಪು. 1936ರ ಜೂನ್‌ನಲ್ಲಿ, ತಾಯಿ ಇನ್ನು ಎಚ್ಚರಗೊಳ್ಳುವುದಿಲ್ಲವೆಂದು ತಿಳಿದ ಬೆಳಗ್ಗೆ, ಅವನು ತನ್ನ ಕೈಯಾರೆ ಪ್ರಾಣ ಬಿಟ್ಟ. ವಯಸ್ಸು ಮೂವತ್ತು. ಕೋನನ್‌ಗೆ ಕೊಟ್ಟಷ್ಟು ಆಯುಸ್ಸನ್ನು ತನಗೆ ಕೊಟ್ಟುಕೊಳ್ಳಲಿಲ್ಲ.

ಮೊನ್ನೆ ಸಂಜೆ ಕರೆಂಟು ಹೋದಾಗ ಅಳಿಯನಿಗೆ ಮೊದಲು ಭೂಪಟ ತಿದ್ದುವ ದೊರೆಯ ಕಥೆ, ಆಮೇಲೆ 'ದ ಟವರ್ ಆಫ್ ದ ಎಲಿಫೆಂಟ್' ಕಥೆ ಹೇಳಿದೆ. ಈ ಎರಡನೆಯದರಲ್ಲಿ ಕೋನನ್ ಪಡ್ಡೆ ಹುಡುಗ, ಹೊಸಬ ಕಳ್ಳ. (ಇಲ್ಲಿ ಬರಿಯ ಚಡ್ಡಿಯಲ್ಲೇ ಗೋಪುರ ಹತ್ತುತ್ತಾನೆ, ಅದನ್ನು ಒಪ್ಪಬೇಕು.) ಆನೆಯನ್ನು ಅವನು ಕಂಡೇ ಇಲ್ಲ. ಹಿಂದೊಂದು, ಮುಂದೊಂದು ಬಾಲವಿರುವ ಪ್ರಾಣಿಯೆಂದು ಯಾರೋ ಅಲೆಮಾರಿ ಹೇಳಿದ್ದಷ್ಟೇ ಗೊತ್ತು. ರತ್ನ ಕದಿಯಲು ಒಳಗೆ ಹೋದರೆ, ಆನೆಮೊಗದ ಒಂದು ಜೀವ ಕೂತಿದೆ. ವಿಗ್ರಹವೆಂದುಕೊಂಡದ್ದು ಮಿಸುಕುತ್ತದೆ. ನಕ್ಷತ್ರಗಳಾಚೆಯಿಂದ ಬಂದ ಆ ಜೀವವನ್ನು ಒಬ್ಬ ಮಾಂತ್ರಿಕ ಕಣ್ಣು ಸುಟ್ಟು, ಕೈಕಾಲು ಮುರಿದು ಸೆರೆಯಲ್ಲಿಟ್ಟಿದ್ದಾನೆ. ಅದು ಕುರುಡಾಗಿ ಸೊಂಡಿಲು ಚಾಚಿ ಹುಡುಗನ ಮುಖ ತಡವುತ್ತದೆ. ಕದಿಯಲು ಬಂದವನು, ಮನುಷ್ಯಕುಲದ ತಪ್ಪೆಲ್ಲ ತನ್ನದೇ ಎಂಬಂತೆ, ನಾಚಿ ನಿಲ್ಲುತ್ತಾನೆ. ಅದು ಕೇಳಿದಂತೆ ನಡೆಸಿಕೊಟ್ಟು, ಬೆಳಗಾಗುವಾಗ ಬರಿಗೈಯಲ್ಲಿ ಹೊರಬರುತ್ತಾನೆ. ಬೆನ್ನ ಹಿಂದೆ ಗೋಪುರ ಕುಸಿಯುತ್ತದೆ.

ಅಳಿಯ ಸ್ವಲ್ಪ ಹೊತ್ತು ಸುಮ್ಮನಿದ್ದ. ನಮ್ಮ ದೇವರಮನೆಯ ದೀಪದ ಕಡೆಗೊಮ್ಮೆ ನೋಡಿದ.

"ಅಲ್ಲ ಮಾಮ, ಅವನು ನಿಜವಾಗ್ಲೂ ಆನೆ ನೋಡೇ ಇರ್ಲಿಲ್ವಾ?"

"ಇಲ್ಲ ಕಣೋ."

"ಮತ್ತೆ ಹೆದರ್ಕೊಳ್ಲಿಲ್ವಾ?"

ಹೆದರಿದ ಎಂದೆ. ಮೊದಲು ಹೆದರಿದ, ಆಮೇಲೆ ಹತ್ತಿರ ಹೋದ. ಅಷ್ಟರಲ್ಲಿ ಕರೆಂಟು ಬಂತು. ಅವನು ಮೊಬೈಲು ಎತ್ತಿಕೊಳ್ಳಲಿಲ್ಲ. "ಆ ಭೂಪಟದ್ದು ಇನ್ನೊಂದ್ಸಲ ಹೇಳು" ಎಂದ.