ಹಿಂದಿನ ಸೀಟಿನ ಮಾತು

ಕಾರು ಕೊಳ್ಳುವ ಮಾತು ಬಂದರೆ ನಮ್ಮ ಮಾಸ್ತಿ ಕಡೆ ಮೊದಲು ಕೇಳುವುದು ‘ಎಷ್ಟು ಜನ ಕೂರಬಹುದು?’ ಎಂದು. ಮೈಲೇಜು ಎರಡನೆಯದು. ಬಣ್ಣ, ಕಂಪನಿ, ಅಂದಚೆಂದವೆಲ್ಲ ಆಮೇಲೆ. ಮದುವೆ, ತಿಥಿ, ತಿರುಪತಿ, ಅಪರಾತ್ರಿಯಲ್ಲಿ ಕೋಲಾರದ ಆಸ್ಪತ್ರೆ, ಇಷ್ಟಕ್ಕೂ ಒದಗಬೇಕಾದ ವಾಹನ ಅದು. ಹಾಗಿರುವಾಗ ಅಕ್ಕನ ಮಗ ಬಂದು, ‘ಮಾವ, ನಾನು ಕೂಪೆ ತಗೋಬೇಕು ಅಂತಿದ್ದೀನಿ. ಒಂದು ಲಕ್ಷುರಿ, ಇನ್ನೊಂದು ಕೈಗೆಟುಕೋ ಅಂಥದು. ಯಾವುದು ಅಂತ ನೀವೇ ಹೇಳಿ’ ಎಂದಾಗ ನನಗೆ ತುಂಬ ಖುಷಿಯಾಯಿತು. ಮನೆಮಂದಿಯ ಲೆಕ್ಕ ಬಿಟ್ಟು, ಓಡಿಸುವವನ ಸುಖಕ್ಕೆಂದೇ ಒಂದು ಕಾರು ಬೇಕು ಎನ್ನುವವನೊಬ್ಬ ನಮ್ಮ ಮನೆಯಲ್ಲೂ ಹುಟ್ಟಿದ್ದಾನಲ್ಲ ಎಂದು.

ಕೂಪೆಯ ಚೆಲುವೆಲ್ಲ ಅದರ ಛಾವಣಿಯಲ್ಲಿದೆ. ಮುಂದಿನ ಗಾಜಿನಿಂದ ಮೇಲೇರಿ, ಓಡಿಸುವವನ ತಲೆ ದಾಟಿದ ಕೂಡಲೇ ಇಳಿಯತೊಡಗಿ, ಎಲ್ಲೂ ಮುರಿಯದೆ ಡಿಕ್ಕಿಯವರೆಗೆ ಜಾರುವ ಒಂದೇ ಗೆರೆ ಅದು. ಆ ಗೆರೆಯನ್ನು ಪಕ್ಕದಿಂದ ನಿಂತು ನೋಡಿದವರಿಗೆ ಬೇರೆ ಕಾರುಗಳು ಪೆಟ್ಟಿಗೆಯಂತೆ ಕಾಣುತ್ತವೆ. ಹಳೆಯ ಲೆಕ್ಕದಲ್ಲಿ ಕೂಪೆಗೆ ಎರಡೇ ಬಾಗಿಲು. ನಮ್ಮ ಜನ ಒಪ್ಪದೇ ಹೋದದ್ದು ಅದನ್ನೇ.

ಒಪ್ಪದೇ ಹೋದ ಕಥೆ ಹಳೆಯದು. 1961ರಲ್ಲಿ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ ಹೆರಾಲ್ಡ್ ಕಾರು ತಯಾರಿಸತೊಡಗಿತು. ಇಂಗ್ಲೆಂಡಿನ ಟ್ರಯಂಫ್ ಕಂಪನಿಗಾಗಿ ಇಟಲಿಯ ಮಿಕೆಲೊಟ್ಟಿ ರೂಪಿಸಿದ್ದ ಕಾರು ಅದು. ಅಂಬಾಸಿಡರ್, ಫಿಯೆಟ್‌ಗಳ ನಡುವೆ ಎರಡೇ ಬಾಗಿಲಿನ ಹಗುರ ಕಾರು. ಬಾನೆಟ್ಟು ಮಡ್‌ಗಾರ್ಡ್ ಸಮೇತ ಇಡಿಯಾಗಿ ಮುಂದಕ್ಕೆ ವಾಲಿಕೊಳ್ಳುತ್ತಿತ್ತು. ಮೆಕ್ಯಾನಿಕ್ ಮುಂದಿನ ಟೈರಿನ ಮೇಲೆ ಕೂತೇ ಎಂಜಿನ್ ಕೆಲಸ ಮಾಡಬಹುದಾಗಿತ್ತು. ಓಡಿಸಿದವರು ಮೆಚ್ಚಿದರು. ಆದರೆ ಮುಂದಿನ ಸೀಟು ಮಡಿಸಿ ಹಿಂದಕ್ಕೆ ನುಸುಳುವ ಕೆಲಸ ಸೀರೆ ಉಟ್ಟ ಹೆಂಗಸರಿಗೆ, ವಯಸ್ಸಾದವರಿಗೆ ಆಗಿಬರಲಿಲ್ಲ. ಕೊನೆಗೆ ಕಂಪನಿ ಇಂಗ್ಲೆಂಡಿನಲ್ಲಿ ಇಲ್ಲದ ನಾಲ್ಕು ಬಾಗಿಲಿನ ಹೆರಾಲ್ಡನ್ನು ಇಲ್ಲಿಗೆಂದೇ ಮಾಡಬೇಕಾಯಿತು. ತೊಂಬತ್ತರ ದಶಕದ ಕೊನೆಗೆ ಬೆಂಗಳೂರಿನ ಸ್ಯಾನ್ ಕಂಪನಿ ಇನ್ನೂ ಧೈರ್ಯ ಮಾಡಿತು. ಸ್ಯಾನ್ ಸ್ಟಾರ್ಮ್ ಎಂಬ ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಫೈಬರ್ ಮೈ, 1.2 ಲೀಟರಿನ ರೆನೋ ಎಂಜಿನ್. ಅದನ್ನು ಕೊಂಡವರು ಬೆರಳೆಣಿಕೆಯ ಮಂದಿ. ನಮ್ಮವರಿಗೆ ಓಡಿಸುವ ರುಚಿಯಿಲ್ಲ ಎಂದು ನಾನು ಹೇಳಲಾರೆ. ಒಂದು ಮನೆಗೆ ಒಂದೇ ಕಾರು ಇರುವಲ್ಲಿ ಹಿಂದಿನ ಸೀಟಿನವರ ಮಾತೇ ನಡೆಯುವುದು, ಅದು ನ್ಯಾಯವೂ ಹೌದು.

ಈಗ ತಯಾರಕರೇ ನಮ್ಮ ದಾರಿಗೆ ಬಂದಿದ್ದಾರೆ. ನಾಲ್ಕು ಬಾಗಿಲಿಟ್ಟು ಛಾವಣಿಯನ್ನು ಮಾತ್ರ ಜಾರಿಸುತ್ತಾರೆ. ಅಳಿಯ ಆರಿಸಿಕೊಂಡ ಲಕ್ಷುರಿ ಕಾರು ಬಿ.ಎಂ.ಡಬ್ಲ್ಯು. 2 ಸೀರೀಸ್ ಗ್ರ್ಯಾನ್ ಕೂಪೆ. ಚೆನ್ನೈ ಹತ್ತಿರದ ಕಾರ್ಖಾನೆಯಲ್ಲಿ ಜೋಡಿಸುವ ಕಾರು. 2025ರ ಜುಲೈನಲ್ಲಿ ಹೊಸ ಮಾದರಿ ಬಂದಾಗ ಶೋರೂಂ ಬೆಲೆ 46.90 ಲಕ್ಷ. ಕೈಗೆಟುಕುವ ಸಾಲಿನಲ್ಲಿ ಎರಡಿದ್ದವು. 2024ರ ಆಗಸ್ಟಿನಲ್ಲಿ 7.99 ಲಕ್ಷಕ್ಕೆ ಶುರುವಾದ ಸಿಟ್ರನ್ ಬಸಾಲ್ಟ್ ಒಂದು, ಮರುತಿಂಗಳೇ 9.99 ಲಕ್ಷಕ್ಕೆ ಬಂದ ಟಾಟಾ ಕರ್ವ್ ಇನ್ನೊಂದು. ಇವೆರಡೂ ಎತ್ತರದ ಗಾಡಿಗಳು, ಅಸಲಿ ಸ್ಪೋರ್ಟ್ಸ್ ಕೂಪೆ ಅಲ್ಲವೆಂದು ಶಾಸ್ತ್ರ ಬಲ್ಲವರು ಹೇಳುತ್ತಾರೆ. ಸರಿ. ಆದರೆ ಹದಿನೈದು ಲಕ್ಷದೊಳಗೆ ಆ ಗೆರೆ, ಜೊತೆಗೊಂದು ಚುರುಕಾದ ಟರ್ಬೊ ಎಂಜಿನ್ ಬೇಕೆನ್ನುವವನಿಗೆ ನನಗೆ ಕಂಡ ಕೂಪೆ ಇವೇ.

ಕೂತು ಬ್ರೋಷರ್ ಓದುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು, ಅದನ್ನು ಅಳಿಯನಿಗೂ ತೋರಿಸಿದೆ. ಆ ಬಿ.ಎಂ.ಡಬ್ಲ್ಯು.ನಲ್ಲಿರುವುದು 1.5 ಲೀಟರಿನ ಮೂರು ಸಿಲಿಂಡರ್ ಟರ್ಬೊ ಪೆಟ್ರೋಲ್ ಎಂಜಿನ್. ಶಕ್ತಿ ಹೋಗುವುದು ಮುಂದಿನ ಚಕ್ರಗಳಿಗೆ. ಕರ್ವ್, ಬಸಾಲ್ಟ್‌ಗಳ ಟರ್ಬೊ ಮಾದರಿಗಳಲ್ಲಿರುವುದು 1.2 ಲೀಟರಿನ ಮೂರು ಸಿಲಿಂಡರ್ ಟರ್ಬೊ ಪೆಟ್ರೋಲ್ ಎಂಜಿನ್; ಅಲ್ಲೂ ಮುಂದಿನ ಚಕ್ರಗಳಿಗೇ. ಒಂದರಲ್ಲಿ 156 ಅಶ್ವಶಕ್ತಿ, ಇನ್ನೆರಡರಲ್ಲಿ 110ರಿಂದ 125. ವ್ಯತ್ಯಾಸ ಇದೆ, ಇಲ್ಲವೆನ್ನುವುದಿಲ್ಲ. ಜರ್ಮನ್ನರ ಸ್ಟಿಯರಿಂಗು, ಬಾಗಿಲು ಮುಚ್ಚಿದಾಗ ಹೊರಗಿನ ಸದ್ದು ತಟ್ಟನೆ ನಿಲ್ಲುವುದು, ಇವೆಲ್ಲ ಕೈಗೂ ಕಿವಿಗೂ ಗೊತ್ತಾಗುವ ಸುಖಗಳೇ. ಆದರೆ ಆ ಸುಖಕ್ಕೆ ಎಷ್ಟು ತೆರುತ್ತೇವೆ ಎಂದು ಕೇಳಲೇಬೇಕು.

ಕರ್ನಾಟಕದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ ಜೀವಾವಧಿ ತೆರಿಗೆ ಶೇ. 18. 46.90 ಲಕ್ಷಕ್ಕೆ ಹಾಕಿ ನೋಡಿ: 8.44 ಲಕ್ಷ. ಸೆಸ್ಸು, ವಿಮೆ ಬೇರೆ. ಅಂದರೆ ಆ ಕಾರನ್ನು ರಸ್ತೆಗಿಳಿಸಲು ಸರ್ಕಾರಕ್ಕೆ ಕಟ್ಟುವ ದುಡ್ಡಿಗೆ ಒಂದು ಬಸಾಲ್ಟ್ ಬರುತ್ತಿತ್ತು. ತೆರಿಗೆ ಸಣ್ಣ ಕೂಪೆಯನ್ನೂ ಬಿಟ್ಟಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ. ಬದಲಾಗಿ, ನಾಲ್ಕು ಮೀಟರ್ ಉದ್ದದೊಳಗಿನ, 1200 ಸಿಸಿ ಮೀರದ ಪೆಟ್ರೋಲ್ ಕಾರಿಗೆ ಶೇ. 18 ಆಯಿತು, ಮಿಕ್ಕ ಪೆಟ್ರೋಲ್ ಕಾರುಗಳಿಗೆ ಶೇ. 40. ಕರ್ವ್, ಬಸಾಲ್ಟ್‌ಗಳ ಎಂಜಿನ್ 1200 ಸಿಸಿಯೊಳಗೇ ಇದೆ. ಉದ್ದ ಮಾತ್ರ 4.3 ಮೀಟರ್ ದಾಟುತ್ತದೆ. ಆದ್ದರಿಂದ ಅವೂ ಬಿ.ಎಂ.ಡಬ್ಲ್ಯು. ಜೊತೆ ಶೇ. 40ರ ಸಾಲಿನಲ್ಲೇ ನಿಲ್ಲುತ್ತವೆ. ಛಾವಣಿ ಅಷ್ಟು ನಿಧಾನವಾಗಿ ಇಳಿಯಬೇಕಾದರೆ ಜಾಗ ಬೇಕು, ಆ ಜಾಗಕ್ಕೆ ತೆರಿಗೆ. ಹತ್ತು ಲಕ್ಷದ ಕಾರಿಗೂ ಐವತ್ತು ಲಕ್ಷದ ಕಾರಿಗೂ ಒಂದೇ ದರವೆಂಬುದು ನನಗೆ ಒಪ್ಪಿಗೆಯಿಲ್ಲ.

ಸಾಲದ ಲೆಕ್ಕವನ್ನೂ ಹಾಕಿದೆವು. ಶೇ. 9ರ ಬಡ್ಡಿಗೆ ಏಳು ವರ್ಷ ಎಂದಿಟ್ಟುಕೊಂಡರೆ 40 ಲಕ್ಷಕ್ಕೆ ತಿಂಗಳ ಕಂತು 64 ಸಾವಿರದ ಮೇಲೆ. 10 ಲಕ್ಷಕ್ಕೆ 16 ಸಾವಿರ. ಅಳಿಯ ವೈಟ್‌ಫೀಲ್ಡಿನಲ್ಲಿ ಕೆಲಸದಲ್ಲಿದ್ದಾನೆ, 64 ಸಾವಿರ ಅವನಿಗೆ ಕಟ್ಟಲಾಗದ ಮೊತ್ತವೇನಲ್ಲ. ನನ್ನ ಭಯ ಬೇರೆ. ಅಷ್ಟು ಕಂತು ಕಟ್ಟುವವನು ಆ ಕಾರನ್ನು ಓಡಿಸುವುದಿಲ್ಲ, ಕಾಯುತ್ತಾನೆ. ಮಳೆ ಬಂದರೆ ಹೊರಗೆ ತೆಗೆಯುವುದಿಲ್ಲ. ಇಟ್ಟಿಗೆ ಟ್ರ್ಯಾಕ್ಟರು ಎದುರಾದರೆ ಎದೆ ಹೊಡೆದುಕೊಳ್ಳುತ್ತದೆ. ಕಾರಿಗೆ ಟಾರ್ಪಾಲು ಹೊದಿಸಿ, ತಾನು ಮಾಲೂರು ಸ್ಟೇಷನ್ನಿಗೆ ಬೈಕಿನಲ್ಲಿ ಹೋಗಿ ಬೆಂಗಳೂರು ರೈಲು ಹತ್ತುತ್ತಾನೆ. ಓಡಿಸುವವನ ಸುಖಕ್ಕೆಂದೇ ಹುಟ್ಟಿದ ಕಾರಿಗೆ ಇದಕ್ಕಿಂತ ಅನ್ಯಾಯವಿಲ್ಲ.

ನಮ್ಮ ರಸ್ತೆಯ ಮಾತೂ ಇದೆ. ಹಿಂದೊಮ್ಮೆ ಸ್ನೇಹಿತರೊಬ್ಬರ ಎರಡು ಬಾಗಿಲಿನ ಲಕ್ಷುರಿ ಕೂಪೆಯನ್ನು ಮಾಲೂರಿನಿಂದ ಮಾಸ್ತಿಗೆ ಓಡಿಸಿ ತಂದಿದ್ದೆ. ನೀಲಗಿರಿ ತೋಪುಗಳ ನಡುವಿನ ನೇರ ರಸ್ತೆಯಲ್ಲಿ ಅದು ಹೋದ ಸೊಗಸನ್ನು ಇವತ್ತಿಗೂ ಮರೆತಿಲ್ಲ. ಆದರೆ ಊರು ಬಂದಲ್ಲೆಲ್ಲ ಹಂಪು, ಬಿಳಿ ಪಟ್ಟೆಯೂ ಇಲ್ಲದ ಹಂಪು. ಪ್ರತಿ ಹಂಪಿನ ಮುಂದೆ ಕಾರನ್ನು ಪೂರ್ತಿ ನಿಲ್ಲಿಸಿ, ಸ್ಟಿಯರಿಂಗ್ ಒಂದು ಕಡೆಗೆ ಎಳೆದು, ಎಡಗಾಲಿ ಮೊದಲು ಹತ್ತಿಸಿ, ಅದು ಇಳಿಯುವಷ್ಟರಲ್ಲಿ ಬಲಗಾಲಿ ಏರಿಸಬೇಕು. ಅಷ್ಟಾದರೂ ನಡುವೆ ಎಲ್ಲೋ ಕೆಳಗಿನಿಂದ ‘ಕರ್’ ಎಂದು ತಳ ಉಜ್ಜುವ ಸದ್ದು. ಹಿಂದೆ ಹಾಲಿನ ಗಾಡಿಯವನು ಹಾರನ್ನು ಒತ್ತುತ್ತಲೇ ಇದ್ದ. ಮನೆ ಮುಂದೆ ಅಕ್ಕ ಹಿಂದಿನ ಸೀಟಿಗೆ ಹತ್ತಲು ನೋಡಿದಳು. ತಲೆ ಬಗ್ಗಿಸಿದರೆ ಕಾಲು ಒಳಗೆ ಬಾರದು, ಕಾಲಿಟ್ಟರೆ ಮುಡಿದ ಹೂವು ಛಾವಣಿಗೆ ತಾಗುತ್ತದೆ. ‘ಇದ್ಯಾವ ಕಾರಪ್ಪ, ದೇವಸ್ಥಾನದ ಗರ್ಭಗುಡಿಗಿಂತ ಬಾಗಿಲು ಚಿಕ್ಕದು’ ಎಂದು ಕೆಳಗಿಳಿದು, ತುಂಬ ಹೊತ್ತು ಮಂಡಿ ನೀವಿಕೊಂಡಳು. ಕರ್ವ್‌ಗೆ ನೆಲದಿಂದ 208 ಮಿಲಿಮೀಟರ್ ಎತ್ತರವಿದೆ. ಸೀಟು ಸೊಂಟದ ಮಟ್ಟಕ್ಕೆ ಸಿಗುವುದರಿಂದ ಕುಸಿದು ಕೂರಬೇಕಿಲ್ಲ, ಸರಿದು ಕೂರಬಹುದು. ಮಂಡಿನೋವಿನ ಅಕ್ಕನಿಗೆ ಇದು ದೊಡ್ಡ ಮಾತು.

ಬಸಾಲ್ಟ್ ಇನ್ನೂ ಅಗ್ಗ, ಹಾಗಿದ್ದೂ ನಾನು ಕರ್ವ್ ಕಡೆ ವಾಲಿದ್ದಕ್ಕೆ ಕಾರಣ ಹೊಸ ರಸ್ತೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ನಮ್ಮ ಮಾಲೂರು ತಾಲ್ಲೂಕನ್ನು ಹಾದುಹೋಗಿದೆ. ಹೊಸಕೋಟೆಯಿಂದ ಬೇತಮಂಗಲದವರೆಗೆ ಸುಮಾರು 71 ಕಿಲೋಮೀಟರ್, ಗಂಟೆಗೆ 120 ಕಿಲೋಮೀಟರ್ ವೇಗಕ್ಕೆಂದು ಮಾಡಿದ ರಸ್ತೆ. ವಯಸ್ಸಿನ ಹುಡುಗನ ಕೈಗೆ ಟರ್ಬೊ ಕೊಟ್ಟು ಆ ರಸ್ತೆ ತೋರಿಸಿದ ಮೇಲೆ ‘ನಿಧಾನ ಕಣಪ್ಪ’ ಎಂದರೆ ಸಾಲದು. ಕಳೆದ ಬಾರಿ ಅವನು ಆ ರಸ್ತೆಯ ವಿಷಯ ಎತ್ತಿದಾಗ ಅಕ್ಕ ಮಾತಾಡದೆ ಒಳಗೆ ಎದ್ದುಹೋದಳು. 2024ರ ಭಾರತ್ ಎನ್‌ಕ್ಯಾಪ್ ಅಪಘಾತ ಸುರಕ್ಷತಾ ಪರೀಕ್ಷೆಯಲ್ಲಿ ಬಸಾಲ್ಟ್‌ಗೆ ನಾಲ್ಕು ಸ್ಟಾರ್ ಸಿಕ್ಕಿತು, ಕರ್ವ್‌ಗೆ ಐದು. ಆ ಒಂದು ಸ್ಟಾರಿಗೆ ಎರಡು ಲಕ್ಷ ಜಾಸ್ತಿ ಹೋದರೂ ಹೋಗಲಿ.

ಬಿ.ಎಂ.ಡಬ್ಲ್ಯು. ಬೇಡವೆಂದು ಅಳಿಯ ಒಪ್ಪಿದ್ದಾನೆ. ಗೇರಿನ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಕರ್ವ್‌ನ 125 ಅಶ್ವಶಕ್ತಿಯ ಎಂಜಿನ್ನಿನ ಜೊತೆ ಆರು ಗೇರಿನ ಮ್ಯಾನ್ಯುಯಲ್ ಸಿಗುತ್ತದೆ, ಅದನ್ನೇ ತಗೋ ಎಂದು ನಾನು. ‘ವೈಟ್‌ಫೀಲ್ಡ್ ಟ್ರಾಫಿಕ್ಕಲ್ಲಿ ಕ್ಲಚ್ ಒತ್ತಿ ಒತ್ತಿ ಕಾಲು ಬಿದ್ದೋಗತ್ತೆ ಮಾವ, ಆಟೊಮ್ಯಾಟಿಕ್ಕೇ ಸರಿ’ ಎಂದು ಅವನು. ಟೇಕಲ್ ಬೆಟ್ಟಗಳ ಪಕ್ಕದ ತಿರುವಿನಲ್ಲಿ ಮೂರನೇ ಗೇರಿಗೆ ಇಳಿಸಿ, ಟರ್ಬೊ ಏಳುವುದನ್ನು ಕಾಲಡಿಯಲ್ಲಿ ತಿಳಿಯದವನಿಗೆ ಕೂಪೆ ಯಾಕೆ ಬೇಕು ಎಂಬುದು ನನ್ನ ವಾದ. ಭಾನುವಾರ ಎರಡನ್ನೂ ಟೆಸ್ಟ್ ಡ್ರೈವ್ ಮಾಡಿ ನೋಡುತ್ತೇವೆ. ಅಕ್ಕ ಹಿಂದೆ ಕೂರುತ್ತಾಳೆ.